ಹಳ್ಳಿಯ ಗಿಟಾರ್ ಮಾಸ್ಟ್ರಿಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ ಕಡೆಯವನು. ಗಿಟಾರ್ ಕಲಿಸುತ್ತೇನೆ, ಕರೆದಲ್ಲಿಗೆ ಹೋಗಿ ನುಡಿಸುತ್ತೇನೆ. ಬೇರೆ ಉದ್ಯೋಗ ಇಲ್ಲ. ಬಸ್ಸಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ಫೋನಿನಲ್ಲಿ ಜನ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಒಂದೇ ಕಡೆ ಬರೆದಿಟ್ಟರೆ ನನ್ನ ಗಂಟಲೂ ಉಳಿಯುತ್ತದೆ.

ಗಿಟಾರ್ ನುಡಿಸಿ ಜೀವನ ಸಾಗುತ್ತದಾ?

ಸಾಗುತ್ತದೆ. ಆದರೆ ಒಂದೇ ಆದಾಯ ನಂಬಿ ಕೂತರೆ ಸಾಗುವುದಿಲ್ಲ. ಬರೀ ಸ್ಟೇಜ್ ನಂಬಿದರೆ ಮಳೆಗಾಲದಲ್ಲಿ ಉಪವಾಸ. ಬರೀ ಕ್ಲಾಸ್ ನಂಬಿದರೆ ಮಾರ್ಚ್ ತಿಂಗಳಲ್ಲಿ ಪರೀಕ್ಷೆ ಅಂತ ಅರ್ಧ ಮಕ್ಕಳು ಮಾಯ. ನನ್ನ ಸಂಪಾದನೆಯಲ್ಲಿ ದೊಡ್ಡ ಪಾಲು ಕ್ಲಾಸಿನದ್ದು. ಆಮೇಲೆ ಮದುವೆ, ರಿಸೆಪ್ಶನ್, ಗಾನಮೇಳ. ಆಮೇಲೆ ಇಗರ್ಜಿ (ಚರ್ಚ್), ಭಜನಾ ಮಂದಿರ, ಶಾಲೆಯ ವಾರ್ಷಿಕೋತ್ಸವ. ಕೊನೆಗೆ ಸಣ್ಣಪುಟ್ಟ ರಿಪೇರಿ: ತಂತಿ ಬದಲಿಸುವುದು, ತಂತಿ ತಿರುಗಿಸುವ ಕೀಲಿ ಸಡಿಲವಾದರೆ ಬಿಗಿ ಮಾಡುವುದು, ಪಿಕ್‌ಅಪ್ಪಿನ ವಯರಿಗೆ ಬೆಸುಗೆ ಹಾಕುವುದು.

ಒಂದು ಮಾತು ಮಾತ್ರ ಮೊದಲೇ ಹೇಳುತ್ತೇನೆ. ನಮ್ಮ ಕಡೆ ಗಿಟಾರ್ ಕೇಳಲಿಕ್ಕೆಂದೇ ಬರುವವರು ಇಲ್ಲ. ಹಾಡುವವರು ಬೇಕಾದಷ್ಟು ಇದ್ದಾರೆ. ಶನಿವಾರ ಭಜನೆ, ಆದಿತ್ಯವಾರ ಇಗರ್ಜಿ ಪೂಜೆಯ ಗಾಯನ, ಮದುವೆ ಮನೆಯ ಮಾಪಿಳ್ಳೆ ಹಾಡು, ಶಾಲೆಯಲ್ಲಿ ಭಾವಗೀತೆ. ಅವರ ಹಾಡಿನ ಜೊತೆ ಹೋಗಲು ಬಂದವನಿಗೆ ಕೆಲಸ ಉಂಟು. ಸೋಲೋ ಮಾತ್ರ ಬರುವವನಿಗೆ ಚಪ್ಪಾಳೆ ಸಿಗುತ್ತದೆ, ಮುಂದಿನ ಕಾರ್ಯಕ್ರಮ ಸಿಗುವುದಿಲ್ಲ. ಕೆಳಗಿನ ಉತ್ತರಗಳೆಲ್ಲ ಸುತ್ತಿ ಬಳಸಿ ಇಲ್ಲಿಗೇ ಬರುತ್ತವೆ.

ವರ್ಷದಲ್ಲಿ ಯಾವಾಗ ಕೆಲಸ ಜಾಸ್ತಿ?

ಇದಕ್ಕೆ ಇಂಗ್ಲಿಷ್ ಕ್ಯಾಲೆಂಡರ್ ಒಂದೇ ಸಾಲದು. ತುಳುವರ ತಿಂಗಳು, ಹಿಜರಿ, ಇಗರ್ಜಿಯ ಕಾಲ, ಶಾಲೆಯ ಟೈಮ್‌ಟೇಬಲ್, ಅಡಕೆ ತೋಟದ ಕೆಲಸ, ಎಲ್ಲ ಒಟ್ಟಿಗೆ ನೋಡಬೇಕು.

ದೀಪಾವಳಿಯಿಂದ ಪತ್ತನಾಜೆಯ ತನಕ ಸುಗ್ಗಿ. ಪತ್ತನಾಜೆ ಅಂದರೆ ತುಳುವರ ಬೇಶ ತಿಂಗಳ ಹತ್ತನೇ ದಿನ, ಮೇ ಕೊನೆಗೆ ಬರುತ್ತದೆ. ಅಲ್ಲಿಗೆ ಕೋಲ, ಜಾತ್ರೆ, ಬಯಲಾಟ ಎಲ್ಲ ನಿಲ್ಲುತ್ತವೆ. ಗಾನಮೇಳಕ್ಕೆ ಅಂಥ ಕಟ್ಟುಪಾಡು ಇಲ್ಲ. ಆದರೆ ಜಾತ್ರೆ ಇಲ್ಲದಿದ್ದರೆ ಸ್ಟೇಜೇ ಇಲ್ಲ, ಮತ್ತೆ ಗಾನಮೇಳ ಎಲ್ಲಿಂದ? ಜನವರಿಯಲ್ಲಿ ಕುಂಬಳೆ ಬೆಡಿ, ಅಂದರೆ ಅಲ್ಲಿಯ ದೇವಸ್ಥಾನದ ಸಿಡಿಮದ್ದಿನ ಉತ್ಸವ. ಆಮೇಲೆ ಒಂದೊಂದೇ ಊರಿನ ಉತ್ಸವ. ಆಗ ಒಂದೇ ರಾತ್ರಿಗೆ ಎರಡು ಕಡೆಯಿಂದ ಕರೆ ಬರುವುದೂ ಉಂಟು.

ಡಿಸೆಂಬರ್ ಇಗರ್ಜಿಯವರದ್ದು. ಕ್ರಿಸ್ಮಸ್ ಹಾಡಿನ ಕ್ಯಾರಲ್ಸ್ ತಂಡ ಮನೆಮನೆಗೆ ಹೋಗುವಾಗ ಗಿಟಾರ್ ಬೇಕೇ ಬೇಕು. ಕೀಬೋರ್ಡ್ ಹೊತ್ತುಕೊಂಡು ಗುಡ್ಡ ಹತ್ತಲು ಆಗುವುದಿಲ್ಲವಲ್ಲ. ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದಲ್ಲಿ ಕ್ರೈಸ್ತರ ಮದುವೆ ಇಲ್ಲ. ಇಗರ್ಜಿಯೊಳಗೂ ವಾದ್ಯ ಹಾಡಿಗೆ ಆಸರೆಯಾಗಿ ಮಾತ್ರ, ಮೆಲ್ಲಗೆ. ರಂಜಾನ್ ತಿಂಗಳಲ್ಲಿ ಮುಸ್ಲಿಮರ ಮದುವೆ ಇಲ್ಲ, ಪೆರ್ನಾಳ್ (ಈದ್) ಮುಗಿದ ಕೂಡಲೇ ಸಾಲುಸಾಲು. ರಂಜಾನ್ ವರ್ಷಕ್ಕೆ ಹನ್ನೊಂದು ದಿನದಷ್ಟು ಹಿಂದೆ ಬರುತ್ತದೆ. ಹಾಗಾಗಿ ಆ ಖಾಲಿ ತಿಂಗಳು ವರ್ಷ ವರ್ಷ ಜಾಗ ಬದಲಿಸುತ್ತದೆ. ಬ್ಯಾಂಕಿನ ಕಂತು ಕಟ್ಟುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಏಪ್ರಿಲ್, ಮೇ ಶಾಲೆಗೆ ರಜೆ. ಕ್ಲಾಸ್ ತುಂಬಿ ತುಳುಕುತ್ತದೆ. ಜೂನ್‌ನಲ್ಲಿ ಮಳೆ, ಶಾಲೆ ಎರಡೂ ಒಟ್ಟಿಗೆ ಶುರುವಾಗುತ್ತವೆ, ಅರ್ಧ ಜನ ಮಾಯ. ಉಳಿದವರು ನಿಜವಾಗಿ ಕಲಿಯುವವರು. ಆಟಿ ತಿಂಗಳಲ್ಲಿ (ಜುಲೈ, ಆಗಸ್ಟ್) ಸ್ಟೇಜಿನ ಕೆಲಸ ಹೆಚ್ಚುಕಡಿಮೆ ಸೊನ್ನೆ. ಗಣೇಶ ಚೌತಿಗೆ ಮತ್ತೆ ಅಲ್ಲೊಂದು ಇಲ್ಲೊಂದು ಚಿಗುರುತ್ತದೆ. ಮಳೆಗಾಲದ ಖರ್ಚನ್ನು ಬೇಸಿಗೆಯಲ್ಲೇ ತೆಗೆದಿಡುವುದು ಈ ಕೆಲಸದ ಮೊದಲ ಪಾಠ. ಅದನ್ನು ಯಾವ ಪುಸ್ತಕವೂ ಹೇಳುವುದಿಲ್ಲ.

ಫೀಸ್ ಎಷ್ಟು?

ವಾರಕ್ಕೆ ಒಂದು ಕ್ಲಾಸ್, ತಿಂಗಳಿಗೆ 800 ರೂಪಾಯಿ. ಒಂದೇ ಮನೆಯ ಎರಡನೇ ಮಗುವಿಗೆ ಅರ್ಧ. ಮನೆಗೇ ಬಂದು ಕಲಿಸಬೇಕು ಅಂದರೆ ದೂರ ನೋಡಿ ಹೇಳುತ್ತೇನೆ. ತೋಟದ ಮನೆಗಳಲ್ಲಿ ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಒಂದು ಕ್ಲಾಸ್ ಮುಗಿದಿರುತ್ತದೆ. ಬಾಳೆಗೊನೆ, ತೆಂಗಿನಕಾಯಿ ಕೊಟ್ಟರೆ ಸಂತೋಷವಾಗಿ ತಗೊಳ್ಳುತ್ತೇನೆ. ಆದರೆ ಅದು ಫೀಸಿನ ಲೆಕ್ಕಕ್ಕೆ ಸೇರುವುದಿಲ್ಲ.

ಮಗುವಿಗೆ ಎಷ್ಟು ವರ್ಷ ಆಗಬೇಕು?

ಏಳೆಂಟು ವರ್ಷ ಆದರೆ ಒಳ್ಳೆಯದು. ಅದಕ್ಕಿಂತ ಸಣ್ಣವರಿಗೆ ಬೆರಳಿನಲ್ಲಿ ಬಲ ಸಾಲುವುದಿಲ್ಲ. ದೊಡ್ಡ ಗಿಟಾರ್ ತಬ್ಬಿಕೊಂಡು ಕೂತರೆ ಬಲಗೈ ತಂತಿಗೆ ಎಟಕುವುದೇ ಇಲ್ಲ. ಎಂಟರಿಂದ ಹನ್ನೊಂದರವರಿಗೆ ಮುಕ್ಕಾಲು ಸೈಜಿನದ್ದು ಸಿಗುತ್ತದೆ, ಅದೇ ಸರಿ. "ಹೇಗೂ ದೊಡ್ಡವನಾಗ್ತಾನಲ್ಲ" ಅಂತ ದೊಡ್ಡದನ್ನೇ ತರಬೇಡಿ. ಯೂನಿಫಾರ್ಮ್ ಆದರೆ ಮಡಿಸಿ ಹೊಲಿಯಬಹುದು, ಗಿಟಾರ್ ಮಡಿಸಲು ಆಗುವುದಿಲ್ಲ. ತೀರಾ ಸಣ್ಣವರಿಗೆ ಉಕುಲೇಲೆ ಕೊಡಿ. ನಾಲ್ಕೇ ನೈಲಾನ್ ತಂತಿ, ಬೆರಳು ನೋಯುವುದಿಲ್ಲ. ಆಮೇಲೆ ಗಿಟಾರಿಗೆ ಬರುವುದು ಸುಲಭ.

ನನಗೆ ಐವತ್ತು ದಾಟಿದೆ, ತೋಟದ ಕೆಲಸದ ಕೈ. ಕಲಿಯಬಹುದಾ?

ಧಾರಾಳವಾಗಿ. ನಿಮ್ಮ ಕೈಯ ಚರ್ಮ ಈಗಾಗಲೇ ಗಟ್ಟಿ. ಪೇಟೆಯವರಿಗೆ ಮೊದಲ ಕೆಲವು ವಾರ ಬೆರಳ ತುದಿ ಉರಿಯುತ್ತದೆ, ನಿಮಗೆ ಅದು ಲೆಕ್ಕಕ್ಕೇ ಇಲ್ಲ. ಕಷ್ಟ ಬರುವುದು ಬೆರಳು ಅಗಲ ಮಾಡುವಲ್ಲಿ. ನಿಧಾನಕ್ಕೆ ಬರುತ್ತದೆ, ಹೆದರಬೇಡಿ. ದೊಡ್ಡವರಿಗೆ ನಾನು ಮೊದಲ ದಿನವೇ ಹಾಡು ಹಿಡಿಸುತ್ತೇನೆ. ಎರಡು ಕಾರ್ಡಿನಲ್ಲಿ (ಕಾರ್ಡ್ ಅಂದರೆ ಒಟ್ಟಿಗೆ ಮೀಟುವ ಸ್ವರಗಳ ಗುಂಪು) ಮುಗಿಯುವ ಭಜನೆಗಳು ಬೇಕಾದಷ್ಟು ಇವೆ. ನಿಮಗೆ ಹಾಡು ಮೊದಲೇ ಬಾಯಿಪಾಠ, ತಾಳ ಮೈಯಲ್ಲೇ ಉಂಟು. ಅರ್ಧ ಕೆಲಸ ಆದ ಹಾಗೆ.

ಒಂದು ಎಚ್ಚರಿಕೆ. ಮಳೆಗೆ ಮೊದಲು ಅಡಕೆಗೆ ಮದ್ದು ಬಿಡುವ ದಿನಗಳಲ್ಲಿ ಕೈ ಚೆನ್ನಾಗಿ ತೊಳೆಯದೆ ಗಿಟಾರ್ ಮುಟ್ಟಬೇಡಿ. ಆ ಬೋರ್ಡೋ ಮದ್ದಿನಲ್ಲಿ ಇರುವುದು ಮೈಲುತುತ್ತು. ಅದು ಉಕ್ಕಿನ ತಂತಿಗೆ ತಾಗಿದರೆ ತಂತಿ ತಿಂದುಹೋಗುತ್ತದೆ.

ಯಾವ ಗಿಟಾರ್ ತಗೊಳ್ಳಬೇಕು? ಎಲ್ಲಿ ಸಿಗುತ್ತದೆ?

ದೊಡ್ಡ ಅಂಗಡಿ ಬೇಕಾದರೆ ಮಂಗಳೂರಿಗೇ ಹೋಗಬೇಕು. ಆನ್‌ಲೈನ್‌ನಲ್ಲೂ ತರಿಸಬಹುದು. ಆದರೆ ಎರಡು ಮೂರು ಸಾವಿರದ್ದನ್ನು ಕಣ್ಣುಮುಚ್ಚಿ ತರಿಸಬೇಡಿ. ಅಂಥವುಗಳಲ್ಲಿ ಹೆಚ್ಚಿನವಕ್ಕೆ ತಂತಿ ಫ್ರೆಟ್ಟಿನಿಂದ (ಕುತ್ತಿಗೆಯ ಮೇಲಿನ ಅಡ್ಡ ಲೋಹದ ಪಟ್ಟಿ) ಬಹಳ ಎತ್ತರದಲ್ಲಿರುತ್ತದೆ. ಒತ್ತಿ ಒತ್ತಿ ಮಗುವಿನ ಕೈ ಸೋಲುತ್ತದೆ. "ನನಗೆ ಸಂಗೀತ ಬರುವುದಿಲ್ಲ" ಅಂತ ಬಿಟ್ಟು ಹೋದ ಎಷ್ಟೋ ಮಕ್ಕಳ ವಿಷಯದಲ್ಲಿ ತಪ್ಪು ಗಿಟಾರಿನದ್ದು. ಐದರಿಂದ ಎಂಟು ಸಾವಿರದೊಳಗೆ ಶುರು ಮಾಡಲು ಸಾಕಾಗುವಂಥದ್ದು ಸಿಗುತ್ತದೆ. ಸ್ವಲ್ಪ ಜಾಸ್ತಿ ಹಾಕಲು ಆಗುತ್ತದೆ ಅಂದರೆ ಯಮಹಾ ಎಫ್ 310 ತರಹದ್ದು ತಗೊಳ್ಳಿ, ಮಾರುವಾಗಲೂ ಬೆಲೆ ಇರುತ್ತದೆ. ಕೋಲ್ಕತ್ತದ ಗಿವ್ಸನ್ ಗಿಟಾರ್ ನಮ್ಮ ಕಡೆ ಹಳೆಯ ಮನೆಗಳಲ್ಲಿ ಈಗಲೂ ಕಾಣಸಿಗುತ್ತದೆ. ಅಟ್ಟದಲ್ಲಿ ಮಾವನದ್ದೋ ಚಿಕ್ಕಪ್ಪನದ್ದೋ ಒಂದು ಬಿದ್ದಿದ್ದರೆ ಎಸೆಯುವ ಮೊದಲು ತಂದು ತೋರಿಸಿ.

ಅಂಗಡಿಯಲ್ಲಿ ನೋಡುವುದು ಹೀಗೆ. ಹನ್ನೆರಡನೇ ಫ್ರೆಟ್ಟಿನ ಹತ್ತಿರ ತಂತಿಯ ಅಡಿಗೆ ಒಂದು ಐದು ರೂಪಾಯಿ ನಾಣ್ಯ ತೂರಿಸಿ. ನಾಣ್ಯದ ಮೇಲೆ ಇನ್ನೂ ತುಂಬಾ ಜಾಗ ಉಳಿದರೆ ಬೇಡ. ಆಮೇಲೆ ಕುತ್ತಿಗೆಯ ಉದ್ದಕ್ಕೆ ಒಂದು ಕಣ್ಣು ಮುಚ್ಚಿ ನೋಡಿ, ತಿರುಚಿದ್ದರೆ ಬೇಡ. ಪ್ರತಿ ತಂತಿಯನ್ನೂ ಪ್ರತಿ ಫ್ರೆಟ್ಟಿನಲ್ಲಿ ಒತ್ತಿ ಮೀಟಿ, ಎಲ್ಲೂ ಝರ್ ಅನ್ನಬಾರದು.

ಮಕ್ಕಳಿಗೆ ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರ್ ಒಳ್ಳೆಯದು. ಅದಕ್ಕೆ ಯಾವತ್ತೂ ಉಕ್ಕಿನ ತಂತಿ ಹಾಕಬೇಡಿ. ಸಾಮಾನ್ಯ ಉಕ್ಕಿನ ತಂತಿಯ ಸೆಟ್ ಒಟ್ಟು 70 ಕಿಲೋದಷ್ಟು ಎಳೆತ ಹಾಕುತ್ತದೆ, ನೈಲಾನ್ ಅದರ ಅರ್ಧದಷ್ಟು. ಬ್ರಿಡ್ಜ್ (ಮೈಮೇಲೆ ತಂತಿ ಸಿಕ್ಕಿಸುವ ಮರದ ತುಂಡು) ಕಿತ್ತು ಬಂದ ಮೇಲೆ ನನ್ನ ಹತ್ತಿರ ತರುವವರು ಎಲ್ಲರೂ ಇದನ್ನೇ ಮಾಡಿರುತ್ತಾರೆ.

ಮಳೆಗಾಲದಲ್ಲಿ ಗಿಟಾರ್ ಹಾಳಾಗುತ್ತದಾ?

ಇದು ನಿಜವಾದ ಪ್ರಶ್ನೆ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಗಿಟಾರಿನ ಮರಕ್ಕೆ ಗಾಳಿಯಲ್ಲಿ ತೇವಾಂಶ ನೂರಕ್ಕೆ 45ರಿಂದ 55 ಇದ್ದರೆ ಹಿತ. ಆಟಿಯಲ್ಲಿ ಇಲ್ಲಿ 90ರ ಆಚೀಚೆ ಇರುತ್ತದೆ. ಮರ ನೀರು ಕುಡಿದು ಉಬ್ಬುತ್ತದೆ. ಬ್ರಿಡ್ಜಿನ ಹಿಂದೆ ಹೊಟ್ಟೆ ಬಂದ ಹಾಗೆ ಕಾಣುತ್ತದೆ, ತಂತಿ ಮೇಲೇಳುತ್ತದೆ, ಧ್ವನಿ ಮಂಕಾಗುತ್ತದೆ. ಹಾಗಾಗಿ ಇಲ್ಲಿಯವರಿಗೆ ನಾನು ಪೂರ್ತಿ ಗಟ್ಟಿ ಮರದ ದುಬಾರಿ ಗಿಟಾರ್ ಹೇಳುವುದಿಲ್ಲ. ಪ್ಲೈವುಡ್ಡಿನ ಮೈ ಇದ್ದರೆ ಧ್ವನಿ ಒಂದು ಹದ ಕಡಿಮೆ ಇರಬಹುದು, ಆದರೆ ಮಳೆ ತಡೆಯುತ್ತದೆ.

ಮಾಡಬೇಕಾದದ್ದು: ಗೋಡೆಗೆ ನೇತುಹಾಕಬೇಡಿ, ಮಣ್ಣಿನ ಗೋಡೆಗಂತೂ ಬೇಡವೇ ಬೇಡ. ಪೆಟ್ಟಿಗೆಯಲ್ಲಿ ಇಡಿ. ಒಳಗೆ ಸಿಲಿಕಾ ಜೆಲ್ ಹಾಕಿ. ಬಣ್ಣ ಬದಲಾಗುವ ಹರಳು ಸಿಗುತ್ತದೆ, ನೀರು ಕುಡಿದಾಗ ಬಾಣಲೆಯಲ್ಲಿ ಸಣ್ಣ ಉರಿಗೆ ಬಿಸಿ ಮಾಡಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಅಡುಗೆಯ ಬಾಣಲೆ ಬೇಡ, ಹಳೆಯದೊಂದು ಬೇರೆ ಇಡಿ. ಬಟ್ಟೆಯ ಚೀಲ ಬೂಷ್ಟು ಹಿಡಿಯುತ್ತದೆ, ಬಿಸಿಲು ಬಂದ ದಿನ ಚೀಲ ಮಾತ್ರ ಒಣಗಿಸಿ. ಎಲ್ಲಕ್ಕಿಂತ ಒಳ್ಳೆಯ ಮದ್ದು ದಿನಾ ನುಡಿಸುವುದು.

ಮಾಡಬಾರದ್ದು: ಅಂಗಳದಲ್ಲಿ ಅಡಕೆಯ ಪಕ್ಕ ಗಿಟಾರನ್ನೂ ಒಣಗಲು ಇಡುವುದು. ನಗಬೇಡಿ, ಪ್ರೀತಿಯಿಂದ ಹಾಗೆ ಮಾಡಿದ ಅಜ್ಜಿಯಂದಿರು ಇದ್ದಾರೆ. ಚೆಂಡೆಯವರು ಚರ್ಮ ಬಿಸಿ ಮಾಡುವುದನ್ನು ನೋಡಿ ಒಲೆಯ ಹತ್ತಿರ ಇಟ್ಟವರೂ ಇದ್ದಾರೆ. ಗಿಟಾರಿನ ಅಂಟು ಬಿಸಿಗೆ ಬಿಡುತ್ತದೆ. ಒಲೆ ಮೇಲಿನ ಅಟ್ಟವೂ ಬೇಡ.

ತಂತಿ ಎಷ್ಟು ದಿನಕ್ಕೊಮ್ಮೆ ಬದಲಿಸಬೇಕು?

ಬೆರಳು ಜಾರಿಸಿದಾಗ ಒರಟು ಅನ್ನಿಸಿದರೆ, ಶ್ರುತಿ ನಿಲ್ಲದಿದ್ದರೆ ಬದಲಿಸಿ. ಮಳೆಗಾಲದಲ್ಲಿ ಬೇಗ. ನುಡಿಸಿ ಆದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿ ಇಟ್ಟರೆ ಬಾಳಿಕೆ ಎಷ್ಟೋ ಜಾಸ್ತಿ. ತೆಂಗಿನೆಣ್ಣೆ ಹಚ್ಚಬೇಡಿ. ಅಂಟು ಹಿಡಿದು ಧ್ವನಿಯೇ ಹೋಗುತ್ತದೆ.

ಮಗಳು ಕರ್ನಾಟಕ ಸಂಗೀತ ಕಲಿಯುತ್ತಿದ್ದಾಳೆ. ಗಿಟಾರ್ ಹಿಡಿದರೆ ಅದು ಕೆಡುತ್ತದಾ?

ಕೆಡುವುದಿಲ್ಲ. ಕರ್ನಾಟಕ ಸಂಗೀತವನ್ನು ಗಿಟಾರಿನಲ್ಲೇ ನುಡಿಸುವವರಿದ್ದಾರೆ. ಆರ್. ಪ್ರಸನ್ನ ಕಛೇರಿಯನ್ನೇ ಕೊಡುತ್ತಾರೆ. ಹಿಂದುಸ್ತಾನಿಯಲ್ಲಿ ಬ್ರಿಜ್ ಭೂಷಣ್ ಕಾಬ್ರಾ ಗಿಟಾರನ್ನು ಮಡಿಲಲ್ಲಿ ಮಲಗಿಸಿ ರಾಗ ನುಡಿಸಿದರು. ವಿಶ್ವ ಮೋಹನ ಭಟ್ಟರು ಗಿಟಾರನ್ನೇ ಮಾರ್ಪಡಿಸಿ ಮಾಡಿದ ಮೋಹನ ವೀಣೆಗೆ 1994ರಲ್ಲಿ ಗ್ರ್ಯಾಮಿ ಪ್ರಶಸ್ತಿಯೂ ಬಂತು.

ಕರ್ನಾಟಕ ಸಂಗೀತದ ಮೊದಲ ಪಾಠವಾದ ಸರಳೆ ವರಸೆ ಕಲಿತು ಬರುವ ಮಕ್ಕಳು ನನಗೆ ಬಹಳ ಇಷ್ಟ. ಅವರಿಗೆ ನಾನು ಸಿ ಮೇಜರ್ ಸ್ಕೇಲಿನಿಂದ ಶುರು ಮಾಡುವುದಿಲ್ಲ. ಮಾಯಾಮಾಳವಗೌಳ ರಾಗವನ್ನು ಒಂದೇ ತಂತಿಯ ಮೇಲೆ ಹುಡುಕಿಸುತ್ತೇನೆ. ಖಾಲಿ ತಂತಿಯನ್ನು ಷಡ್ಜ (ಸ) ಅಂತ ಇಟ್ಟರೆ ಉಳಿದ ಸ್ವರ ಸಿಗುವ ಫ್ರೆಟ್ಟುಗಳು 1, 4, 5, 7, 8, 11, 12. ಅವರೇ ಕಿವಿಯಿಂದ ಹುಡುಕಲಿ, ನಾನು ಸುಮ್ನೆ ಕೂತಿರುತ್ತೇನೆ. ಆಮೇಲೆ ಶಂಕರಾಭರಣ: 2, 4, 5, 7, 9, 11, 12. ಅದು ಪಾಶ್ಚಾತ್ಯರ ಮೇಜರ್ ಸ್ಕೇಲ್ ಅಂತ ಆಗ ಹೇಳಿದರೆ ಸಾಕು. ಮೋಹನ ಇನ್ನೂ ಸುಲಭ: 2, 4, 7, 9, 12. ಫ್ರೆಟ್ ಬೋರ್ಡಿನ ಲೆಕ್ಕ ಹೀಗೆ ಒಮ್ಮೆ ತಲೆಗೆ ಹೋದರೆ ಮತ್ತೆ ಚಾರ್ಟ್ ಬೇಡ.

ಗಮಕ ಮಾತ್ರ ಕಷ್ಟ. ತಂತಿ ಎಳೆದು, ಜಾರಿಸಿ ಸ್ವಲ್ಪ ಮಟ್ಟಿಗೆ ತರಬಹುದು. ಅದಕ್ಕೆ ಸಂಗೀತದ ಟೀಚರ್ ಹತ್ತಿರವೇ ಹೋಗುತ್ತಿರಲಿ. ನಾನು ಅವರ ಜಾಗಕ್ಕೆ ಬರುವವನಲ್ಲ.

ನಮ್ಮ ಭಜನಾ ಮಂಡಳಿಗೆ ಗಿಟಾರ್ ಸೇರಿಸಬಹುದಾ?

ಸೇರಿಸಬಹುದು, ಎರಡು ಷರತ್ತಿನ ಮೇಲೆ. ಗಿಟಾರಿನವನು ಹಾರ್ಮೋನಿಯಂಗೆ ಶ್ರುತಿ ಮಾಡಬೇಕು, ಫೋನಿನ ಟ್ಯೂನರಿಗೆ ಅಲ್ಲ. ಟ್ಯೂನರ್ ಎ ಸ್ವರವನ್ನು 440 ಹರ್ಟ್ಝ್‌ಗೆ ತೋರಿಸುತ್ತದೆ. ಮಂದಿರದ ಹಳೆಯ ಹಾರ್ಮೋನಿಯಂ ಅದಕ್ಕಿಂತ ಒಂದಿಷ್ಟು ಮೇಲೋ ಕೆಳಗೋ ಇದ್ದೇ ಇರುತ್ತದೆ. ಹಾರ್ಮೋನಿಯಂ ತಿರುಗಿಸಲು ಕೀಲಿ ಇಲ್ಲ, ನಮಗೆ ಉಂಟು. ನಾವೇ ಬಗ್ಗಬೇಕು.

ಎರಡನೆಯದು, ಹಾಡುವವರ ಶ್ರುತಿ. ಹಾರ್ಮೋನಿಯಂನವರು ಕರಿ ಒಂದು (ಮೊದಲ ಕಪ್ಪು ಕೀ) ಅನ್ನುತ್ತಾರೆ, ಶಾಸ್ತ್ರೀಯ ಕಲಿತವರು ಒಂದೂವರೆ ಅನ್ನುತ್ತಾರೆ. ಎರಡೂ ನಮ್ಮ ಸಿ ಶಾರ್ಪ್. ಕೇಪೋವನ್ನು (ಎಲ್ಲ ತಂತಿಯನ್ನೂ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್ಪು) ಮೊದಲ ಫ್ರೆಟ್ಟಿಗೆ ಹಾಕಿ ಸಿ ಕಾರ್ಡಿನ ಆಕಾರ ಹಿಡಿದರೆ ಆಯಿತು. ಕರಿ ಎರಡು, ಅಂದರೆ ಎರಡೂವರೆ: ಅಲ್ಲೇ ಕೇಪೋ ಇಟ್ಟು ಡಿ ಆಕಾರ. ಕರಿ ಮೂರಕ್ಕೆ ಎರಡನೇ ಫ್ರೆಟ್ಟಿನಲ್ಲಿ ಕೇಪೋ, ಇ ಆಕಾರ. ಹೆಂಗಸರು ಹೆಚ್ಚಾಗಿ ಹಾಡುವ ಕರಿ ನಾಲ್ಕು, ಅಂದರೆ ಐದೂವರೆ: ಮೊದಲ ಫ್ರೆಟ್ಟಿನಲ್ಲಿ ಕೇಪೋ, ಜಿ ಆಕಾರ. ಇಷ್ಟು ಗೊತ್ತಿದ್ದರೆ ನಮ್ಮ ಕಡೆಯ ಯಾವ ಭಜನೆಗೂ ಕೂರಬಹುದು.

ರಾಗ ಯಾವುದು ಅಂತ ಖಾತ್ರಿ ಇಲ್ಲದಾಗ ಪೂರ್ತಿ ಕಾರ್ಡ್ ಹಾಕಬೇಡಿ. ಷಡ್ಜ ಪಂಚಮ ಎರಡೇ ಸ್ವರ ಹಿಡಿಯಿರಿ. ಗಾಂಧಾರ ಬಿಟ್ಟರೆ ಪಂಚಮ ಇರುವ ಯಾವ ರಾಗಕ್ಕೂ ಪೆಟ್ಟಾಗುವುದಿಲ್ಲ. ನಾನು ಕೆಲವೊಮ್ಮೆ ತಂತಿಗಳನ್ನೇ ಡಿ, ಎ, ಡಿ, ಜಿ, ಎ, ಡಿ ಅಂತ ಶ್ರುತಿ ಮಾಡಿ ತಂಬೂರಿಯ ಕೆಲಸ ಮಾಡಿಸುತ್ತೇನೆ. ಹಿರಿಯರು "ಇದೆಂತ ಸಿನೆಮಾ ವಾದ್ಯ" ಅಂತ ಮುಖ ಸಿಂಡರಿಸುತ್ತಾರೆ. ಮೂರನೇ ಶನಿವಾರ ಬಾರದಿದ್ದರೆ "ಗಿಟಾರ್ ಮಾಣಿ ಎಲ್ಲಿ?" ಅಂತ ಅವರೇ ಕೇಳುತ್ತಾರೆ.

ಯಕ್ಷಗಾನಕ್ಕೆ ಗಿಟಾರ್?

ಬೇಡ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಕೂತು ನಾನು ಆ ಧೈರ್ಯ ಮಾಡುವುದಿಲ್ಲ. ಭಾಗವತರು, ಚೆಂಡೆ, ಮದ್ದಳೆ ಸಾಕು. ನನಗೆ ಅಲ್ಲಿಂದ ಸಿಗುವುದು ಬೇರೆ. ಬಯಲಾಟ ನೋಡಿ ಬೆಳೆದ ಮಕ್ಕಳಿಗೆ ಏಳು ಅಕ್ಷರದ ತ್ರಿವುಡೆ ತಾಳ ಲೀಲಾಜಾಲ. ಏಳರ ಎಣಿಕೆ ಪೇಟೆಯ ಗಿಟಾರ್ ವಿದ್ಯಾರ್ಥಿಗಳಿಗೆ ತಲೆನೋವು, ನಮ್ಮವರಿಗೆ ಹೇಳಿಕೊಡುವುದೇ ಬೇಡ.

ಯಾವ ಭಾಷೆಯಲ್ಲಿ ಕಲಿಸುತ್ತೀರಿ?

ಮಗು ಯಾವುದರಲ್ಲಿ ಕೇಳುತ್ತದೋ ಅದರಲ್ಲಿ. ಒಂದೇ ಬೆಂಚಿನಲ್ಲಿ ತುಳು, ಮಲಯಾಳ, ಹವ್ಯಕ, ಬ್ಯಾರಿ, ಕೊಂಕಣಿ ಮಾತಾಡುವವರು ಕೂತಿರುತ್ತಾರೆ. ಒಬ್ಬ ನನ್ನನ್ನು ಮಾಷೇ ಅನ್ನುತ್ತಾನೆ, ಇನ್ನೊಬ್ಬ ಮಾಸ್ಟ್ರೇ ಅನ್ನುತ್ತಾನೆ, ಇಂಗ್ಲಿಷ್ ಮೀಡಿಯಂನವರು ಸರ್. ಕಾರ್ಡಿನ ಹೆಸರು ಎಲ್ಲರಿಗೂ ಒಂದೇ. ಹಾಡಿನ ಸಾಹಿತ್ಯ ಮಾತ್ರ ಅವರವರಿಗೆ ಓದಲು ಬರುವ ಲಿಪಿಯಲ್ಲಿ ಬರೆದುಕೊಳ್ಳಲಿ, ಅದರ ಮೇಲೆ ಕಾರ್ಡ್ ಗುರುತು ಹಾಕಲಿ. ಅವರೇ ಕೈಯಾರೆ ಬರೆಯಬೇಕು. ಫೋನಿನಲ್ಲಿ ಫೋಟೊ ಹೊಡೆದುಕೊಂಡರೆ ಮನೆಗೆ ಹೋಗಿ ಯಾರೂ ನೋಡುವುದಿಲ್ಲ.

ಶಾಲಾ ಕಲೋತ್ಸವಕ್ಕೆ ತಯಾರು ಮಾಡುತ್ತೀರಾ?

ಮಾಡುತ್ತೇನೆ. ಕೇರಳ ಶಾಲಾ ಕಲೋತ್ಸವದಲ್ಲಿ ಗಿಟಾರ್ ಪಾಶ್ಚಾತ್ಯ ವಿಭಾಗದ ಒಂದು ಸ್ಪರ್ಧೆ. ಶಾಲೆ, ಉಪಜಿಲ್ಲೆ, ಜಿಲ್ಲೆ, ರಾಜ್ಯ ಅಂತ ಮೆಟ್ಟಿಲು. ನಮ್ಮವರಿಗೆ ಕುಂಬಳೆ ಅಥವಾ ಮಂಜೇಶ್ವರ ಉಪಜಿಲ್ಲೆ. 2019ರಲ್ಲಿ ರಾಜ್ಯ ಕಲೋತ್ಸವ ನಮ್ಮ ಜಿಲ್ಲೆಯ ಕಾಞಂಗಾಡಿನಲ್ಲೇ ನಡೆಯಿತು. ಅದರ ಮರುವರ್ಷ ಬಂದ ಮಕ್ಕಳಲ್ಲಿ ಹಲವರು ಅಲ್ಲಿ ನೋಡಿಯೇ ಆಸೆ ಹುಟ್ಟಿಸಿಕೊಂಡವರು.

ಆದರೆ ಅಕ್ಟೋಬರಿನಲ್ಲಿ ಬಂದು "ಮುಂದಿನ ತಿಂಗಳು ಕಲೋತ್ಸವ, ಒಂದು ಐಟಂ ಹೇಳಿಕೊಡಿ" ಅಂದರೆ ಆಗುವುದಿಲ್ಲ. ಒಂದೇ ಐಟಂ ಗಿಳಿಪಾಠ ಮಾಡಿಸಿ ಕಳಿಸುವ ಮಾಸ್ಟ್ರುಗಳಿದ್ದಾರೆ, ಬಹುಮಾನವೂ ಬರುತ್ತದೆ. ಆ ಮಗುವಿಗೆ ಮರುದಿನ ತಂಗಿಯ ಬರ್ತ್‌ಡೇಗೆ ಒಂದು ಹಾಡಿಗೆ ಜೊತೆ ಕೊಡಲು ಬರುವುದಿಲ್ಲ. ನನಗೆ ಅದು ಸರಿ ಕಾಣುವುದಿಲ್ಲ.

ಗ್ರೇಡ್ ಪರೀಕ್ಷೆ ಬೇಕಾ?

ಮುಂದೆ ಸಂಗೀತವನ್ನೇ ಓದುವುದಾದರೆ, ಹೊರದೇಶಕ್ಕೆ ಹೋಗುವುದಾದರೆ ಬೇಕಾಗಬಹುದು. ಈ ಪರೀಕ್ಷೆ ನಡೆಸುವ ಟ್ರಿನಿಟಿ ಕಾಲೇಜ್ ಲಂಡನ್, ರಾಕ್‌ಸ್ಕೂಲ್ ಎರಡರಲ್ಲೂ ಎಂಟನೇ ಗ್ರೇಡಿನ ತನಕ ಉಂಟು. ಈಗ ವಿಡಿಯೋ ಮಾಡಿ ಕಳಿಸುವ ಪರೀಕ್ಷೆಯೂ ಇರುವುದರಿಂದ ಬೆಂಗಳೂರಿಗೋ ಕೊಚ್ಚಿಗೋ ಓಡಬೇಕಾಗಿಲ್ಲ. ಆದರೆ ಪರೀಕ್ಷೆಯ ಫೀಸ್ ನನ್ನ ಕೆಲವು ತಿಂಗಳ ಫೀಸಿನಷ್ಟಾಗುತ್ತದೆ. ಗೋಡೆಯಲ್ಲಿ ಸರ್ಟಿಫಿಕೇಟ್ ತೂಗಹಾಕಲಿಕ್ಕೆ ಮಾತ್ರ ಆದರೆ ಆ ದುಡ್ಡಿಗೆ ಒಳ್ಳೆಯ ಗಿಟಾರ್ ತಗೊಳ್ಳಿ ಅನ್ನುತ್ತೇನೆ.

ಯೂಟ್ಯೂಬ್ ನೋಡಿ ಕಲಿತರೆ ಸಾಲದಾ?

ಕಲಿಯಬಹುದು, ಕಲಿತವರಿದ್ದಾರೆ. ವಿಡಿಯೋ ನಿಮಗೆ ತೋರಿಸುತ್ತದೆ, ನಿಮ್ಮನ್ನು ನೋಡುವುದಿಲ್ಲ. ಹೆಬ್ಬೆರಳು ತಪ್ಪು ಜಾಗದಲ್ಲಿದೆ, ಭುಜ ಎತ್ತಿ ಹಿಡಿದಿದ್ದೀರಿ, ಹಾಡು ಮುಂದಕ್ಕೆ ಓಡುತ್ತಿದೆ ಅಂತ ಹೇಳುವವರು ಬೇಕು. ತಿಂಗಳಿಗೆ ಒಮ್ಮೆ ಬಂದು ತೋರಿಸಿ ಹೋದರೂ ಆದೀತು.

ಆನ್‌ಲೈನ್ ಕ್ಲಾಸ್ ಉಂಟಾ?

ಉಂಟು. 2020ರ ಮಾರ್ಚಿನಲ್ಲಿ ಕೊರೋನಾ ಅಂತ ಕರ್ನಾಟಕದ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದರಲ್ಲ, ಆಗ ವಿಟ್ಲ, ಪುತ್ತೂರು ಕಡೆಯ ಮಕ್ಕಳಿಗೆ ಬೇರೆ ದಾರಿಯೇ ಇರಲಿಲ್ಲ. ಹಾಗೆ ಶುರುವಾದದ್ದು ನಿಲ್ಲಲಿಲ್ಲ. ಈಗ ಗಲ್ಫಿನಲ್ಲಿರುವ ಊರವರ ಮಕ್ಕಳೂ ಇದ್ದಾರೆ.

ಆನ್‌ಲೈನಿನಲ್ಲಿ ಇಬ್ಬರೂ ಒಟ್ಟಿಗೆ ನುಡಿಸಲು ಆಗುವುದಿಲ್ಲ. ಧ್ವನಿ ತಲುಪುವಷ್ಟರಲ್ಲಿ ತಾಳ ತಪ್ಪಿರುತ್ತದೆ. ಒಬ್ಬರು ನುಡಿಸುವಾಗ ಇನ್ನೊಬ್ಬರು ಕೇಳಬೇಕು. ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ. ಝೂಮ್ ನಮ್ಮ ಗಿಟಾರನ್ನು ಗಲಾಟೆ ಅಂತ ತಿಳಿದು ಅಡಗಿಸಿಬಿಡುತ್ತದೆ. ಸೆಟ್ಟಿಂಗಿನಲ್ಲಿ "ಒರಿಜಿನಲ್ ಸೌಂಡ್" ಆನ್ ಮಾಡಿ. ನೆಟ್‌ವರ್ಕ್ ಕೈಕೊಟ್ಟರೆ ನುಡಿಸಿದ್ದನ್ನು ರೆಕಾರ್ಡ್ ಮಾಡಿ ವಾಟ್ಸಾಪಿನಲ್ಲಿ ಕಳಿಸಿ. ನಿಜ ಹೇಳಬೇಕೆಂದರೆ ನನಗೆ ಅದೇ ಇಷ್ಟ. ಕಳಿಸುವ ಮೊದಲು ಮಕ್ಕಳು ಹತ್ತು ಸಲ ನುಡಿಸಿ ನೋಡುತ್ತಾರೆ.

ಎಡಗೈಯವರಿಗೆ?

ಎಲ್ಲರ ಹಾಗೆಯೇ ಕಲಿಯಿರಿ. ಎರಡೂ ಕೈಗೆ ಕೆಲಸ ಉಂಟು. ಎಡಗೈ ಗಿಟಾರ್ ಹುಡುಕಿ ಹೊರಟರೆ ಆರಿಸಲು ಏನೂ ಸಿಗುವುದಿಲ್ಲ. ಇನ್ನೊಬ್ಬರದ್ದು ತಗೊಂಡು ನುಡಿಸಲೂ ಆಗುವುದಿಲ್ಲ.

ಮದುವೆಗೆ ಕರೆದರೆ ಏನೇನು ಹೇಳಬೇಕು?

ತಾರೀಕು, ಜಾಗ, ಯಾರು ಹಾಡುತ್ತಾರೆ, ಸೌಂಡ್ ಯಾರದ್ದು, ಊಟ ಎಷ್ಟು ಗಂಟೆಗೆ. ಅರ್ಧ ಹಣ ಮುಂಗಡ. ಇದು ಅಪನಂಬಿಕೆ ಅಂತ ತಿಳಿಯಬೇಡಿ. "ಮಾಸ್ಟ್ರೆ, ನಾಳೆ ಕೊಡ್ತೇವೆ" ಅಂದ ಒಂದು ಕಮಿಟಿಯ ನಾಳೆ ಇನ್ನೂ ಬಂದಿಲ್ಲ. "ನಮ್ಮದೇ ಊರಿನವರಲ್ವಾ, ಸುಮ್ನೆ ಎರಡು ಹಾಡು" ಅನ್ನುವವರಿಗೆ ಒಂದು ಮಾತು: ಪೆಂಡಾಲಿನವನೂ ನಿಮ್ಮ ಊರಿನವನೇ, ಅವನ ಹತ್ತಿರ ಸುಮ್ನೆ ಎರಡು ಶೀಟು ಕೇಳುತ್ತೀರಾ?

ಇನ್ನೊಂದು, ರಾತ್ರಿ ಹತ್ತಕ್ಕೆ ಮೈಕ್ ಬಂದ್. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ಹತ್ತರಿಂದ ಬೆಳಿಗ್ಗೆ ಆರರ ತನಕ ತೆರೆದ ಜಾಗದಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ವಿಶೇಷ ಅನುಮತಿಯ ಕೆಲವು ದಿನ ಮಾತ್ರ ಹನ್ನೆರಡರ ತನಕ. ಭಾಷಣ ಒಂಬತ್ತೂವರೆಗೆ ಮುಗಿಸಿ ನಮಗೆ ಅರ್ಧ ಗಂಟೆ ಕೊಟ್ಟು "ಏನೂ ನುಡಿಸಲಿಲ್ಲ" ಅಂತ ದೂರಬೇಡಿ.

ಸ್ಟೇಜಿನಲ್ಲಿ ಮೈಕಿಗೆ ತುಟಿ ತಾಗಿದರೆ ಶಾಕ್ ಹೊಡೆಯುತ್ತದೆ. ಯಾಕೆ?

ದಯವಿಟ್ಟು ಇದನ್ನು ಹಗುರವಾಗಿ ತಗೊಳ್ಳಬೇಡಿ. ಇಲೆಕ್ಟ್ರಿಕ್ ಗಿಟಾರಿನ ತಂತಿ ಆಂಪ್ಲಿಫಯರಿನ ಅರ್ಥಿಂಗಿಗೆ ಜೋಡಿಸಿರುತ್ತದೆ. ಮೈಕ್ ಬರುವುದು ಮಿಕ್ಸರಿನಿಂದ. ಜಾತ್ರೆ ಗದ್ದೆಯಲ್ಲಿ ಆಂಪ್ಲಿಫಯರಿಗೆ ಒಂದು ಕಡೆಯ ಲೈನು, ಮಿಕ್ಸರಿಗೆ ಜನರೇಟರಿನ ಲೈನು. ಎಲ್ಲೋ ಒಂದು ಕಡೆ ಅರ್ಥಿಂಗ್ ಇಲ್ಲ. ಕೈ ತಂತಿಯ ಮೇಲೆ, ತುಟಿ ಮೈಕಿನ ಮೇಲೆ, ಕರೆಂಟಿಗೆ ನೀವೇ ದಾರಿ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತಿದ್ದರೆ ಪ್ರಾಣಕ್ಕೇ ಅಪಾಯ.

ಗಿಟಾರ್, ಕೀಬೋರ್ಡ್, ಮಿಕ್ಸರ್ ಎಲ್ಲ ಒಂದೇ ಬೋರ್ಡಿನಿಂದ ತಗೊಳ್ಳಬೇಕು, ಅರ್ಥಿಂಗ್ ಸರಿ ಇರಬೇಕು. ಮೂರು ಪಿನ್ನಿನ ಪ್ಲಗ್ಗಿನ ಅರ್ಥ್ ಪಿನ್ ಮುರಿದು ಹಾಕುವ ಸೌಂಡಿನವರನ್ನು ಕಂಡರೆ ನಾನು ಸ್ಟೇಜ್ ಹತ್ತುವುದಿಲ್ಲ. ಮೈಕಿಗೆ ಸ್ಪಂಜಿನ ಟೊಪ್ಪಿ ಹಾಕಿದರೆ ಸ್ವಲ್ಪ ರಕ್ಷಣೆ, ಆದರೆ ಅದು ರಿಪೇರಿ ಅಲ್ಲ. ಏಪ್ರಿಲ್, ಮೇ, ಅಕ್ಟೋಬರಿನ ಸಂಜೆ ಗುಡುಗು ಶುರುವಾದರೆ ಪ್ಲಗ್ ಕಿತ್ತು ಬದಿಗಿಡಿ. ಹಾಡು ಆಮೇಲೆ ಆಗುತ್ತದೆ.

ಇಷ್ಟೆಲ್ಲ ಬರುತ್ತದೆ ಅಂದರೆ ಮಂಗಳೂರಿಗೋ ಬೆಂಗಳೂರಿಗೋ ಹೋಗಬಾರದಾ?

ಹೋಗಬಹುದು. ಅಲ್ಲಿ ಬಾಡಿಗೆ ಕಟ್ಟಲು ಮಾಡಬೇಕಾದ ಕ್ಲಾಸುಗಳ ಲೆಕ್ಕ ಹಾಕಿದರೆ ನುಡಿಸಲು ಸಮಯ ಉಳಿಯುವುದಿಲ್ಲ. ಇಲ್ಲಿ ಮನೆ ನಮ್ಮದು, ಜಗಲಿಯೇ ಕ್ಲಾಸ್. ಪೇಟೆಯಲ್ಲಿ ಗಿಟಾರಿನವರು ಬೀದಿಗೊಬ್ಬರು. ಇಲ್ಲಿ ತಪ್ಪಿದರೆ ಇನ್ನೊಬ್ಬ ಸಿಗಬೇಕಾದರೆ ಜನ ಬಸ್ ಹತ್ತಬೇಕು. ಆ ಮಟ್ಟಿಗೆ ನಾನು ಅದೃಷ್ಟವಂತ. ಕೊರತೆ ಒಂದೇ, ನನಗಿಂತ ಚೆನ್ನಾಗಿ ನುಡಿಸುವವರ ಜೊತೆ ಕೂರಲು ಸಿಗುವುದಿಲ್ಲ. ಅದಕ್ಕೆ ಆಗಾಗ ಮಂಗಳೂರಿಗೆ ಹೋಗಿ ಬರುತ್ತೇನೆ.

ನಾನೂ ನನ್ನ ಊರಿನಲ್ಲಿ ಕ್ಲಾಸ್ ಶುರು ಮಾಡಬೇಕೆಂದಿದ್ದೇನೆ. ಏನು ಹೇಳುತ್ತೀರಿ?

ಮೊದಲು ಬೋರ್ಡ್ ಬರೆಸಬೇಡಿ. ನಿಮ್ಮ ಊರಿನಲ್ಲಿ ಯಾರು, ಎಲ್ಲಿ, ಯಾವಾಗ ಹಾಡುತ್ತಾರೆ ಅಂತ ನೋಡಿ. ಅಲ್ಲಿ ಹೋಗಿ ಹಿಂದೆ ಕೂತು ಮೆಲ್ಲಗೆ ಜೊತೆ ನುಡಿಸಿ. ಬೇರೆ ಪ್ರಚಾರ ಬೇಡ, ಮಕ್ಕಳು ತಾವಾಗಿ ಬರುತ್ತಾರೆ. ಹಾಡುವವರ ಶ್ರುತಿ ಬದಲಾದ ಕೂಡಲೇ ಹಿಡಿಯುವ ಅಭ್ಯಾಸ ಮಾಡಿಕೊಳ್ಳಿ. ವೇಗದ ಸೋಲೋಗಿಂತ ಅದು ಹೊಟ್ಟೆಗೆ ಹಾಕುತ್ತದೆ. ಬಿಡಿ ತಂತಿಯ ಸೆಟ್, ಒಂದು ಸ್ಕ್ರೂಡ್ರೈವರ್, ಅಲೆನ್ ಕೀ ಚೀಲದಲ್ಲಿ ಇರಲಿ, ಊರಿನಲ್ಲಿ ರಿಪೇರಿಗೆ ಬೇರೆ ಯಾರೂ ಇಲ್ಲ. ಮಳೆಗಾಲಕ್ಕೆ ದುಡ್ಡು ತೆಗೆದಿಡಿ. ಮತ್ತೆ, ಪಕ್ಕದ ಊರಿನಲ್ಲಿ ಇನ್ನೊಬ್ಬ ಮಾಸ್ಟ್ರು ಇದ್ದರೆ ಜಗಳ ಬೇಡ. ಒಂದೇ ರಾತ್ರಿ ಎರಡು ಕಡೆ ಕರೆ ಬಂದಾಗ ನಿಮಗೆ ಅವರು ಬೇಕು.

ಮೊದಲ ಕ್ಲಾಸಿಗೆ ಏನು ತರಬೇಕು?

ಗಿಟಾರ್ ಇದ್ದರೆ ತನ್ನಿ, ಇಲ್ಲದಿದ್ದರೆ ನನ್ನ ಹತ್ತಿರ ಇರುವುದರಲ್ಲಿ ಶುರು ಮಾಡೋಣ. ಎಡಗೈ ಉಗುರು ಕತ್ತರಿಸಿ ಬನ್ನಿ. ಒಂದು ನೋಟ್‌ಬುಕ್, ಪೆನ್ಸಿಲ್. ನಿಮಗೆ ಪೂರ್ತಿ ಹಾಡಲು ಬರುವ ಒಂದು ಹಾಡು ನೆನಪಿಟ್ಟುಕೊಂಡು ಬನ್ನಿ, ಯಾವ ಭಾಷೆಯದ್ದಾದರೂ ಆದೀತು. ಬಸ್ಸಿನಲ್ಲಿ ಬರುವವರು ಗಿಟಾರನ್ನು ಡ್ರೈವರ್ ಪಕ್ಕದ ಇಂಜಿನ್ ಮೇಲೆ ಇಡಬೇಡಿ, ಅಲ್ಲಿ ಕೆಂಡದಂಥ ಬಿಸಿ ಇರುತ್ತದೆ.